ಮೊದಲ ಪೀಸಿನ ಬೊಟ್ಟು

2024ರ ಸೆಪ್ಟೆಂಬರ್ 18ರಂದು, ಚಂದ್ರನ ಮಣ್ಣು ಮತ್ತು ಕಲ್ಲಿನ ಮಾದರಿಗಳನ್ನು ಭೂಮಿಗೆ ತರುವ ಮಾನವರಹಿತ ಯೋಜನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆ ಸಂಜೆ ಕೊಯಮತ್ತೂರಿನ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ಆ ಸುದ್ದಿಯನ್ನು ತಮಿಳಿಗೆ ಇಳಿಸಿ, ಒಳಪುಟದ ಜಾಗಕ್ಕೆ ಹೊಂದುವಂತೆ ಕತ್ತರಿಸಿದವಳು ನಾನು. ಎರಡು ಉಡಾವಣೆ, ಕಕ್ಷೆಯಲ್ಲಿ ಜೋಡಣೆ, ಚಂದ್ರನ ಮೇಲೆ ಇಳಿಯುವುದು, ಮಣ್ಣು ತುಂಬಿಕೊಂಡು ಮತ್ತೆ ಏರುವುದು, ಮರಳುವುದು. ಇವಿಷ್ಟೂ ಉಳಿದವು. ಕೊನೆಯಲ್ಲಿ ದೇಶದ ಉದ್ಯಮಗಳ ಪಾಲಿನ ಬಗ್ಗೆ ಒಂದು ಸಾಲಿತ್ತು. ಜಾಗ ಸಾಲದೆ ಅದನ್ನು ತೆಗೆದೆ.

ಮರುವರ್ಷ, ಅದೇ ಊರಿನ ಸಿಂಗಾನಲ್ಲೂರಿನಲ್ಲಿ ಅವ್ವ, ಅಣ್ಣ ಇರುವ ನಮ್ಮ ಮನೆಯ ಹಿಂದಿನ ಪಟ್ಟರೆಗೆ ಆ ಯೋಜನೆಯ ಒಂದು ತುಣುಕು ಕೆಲಸ ಬಂತು.

ಲೇತ್, ಡ್ರಿಲ್ಲಿಂಗ್ ಮಷೀನು ಇಟ್ಟುಕೊಂಡ ಸಣ್ಣ ಕಾರ್ಖಾನೆಗೆ ನಮ್ಮ ಕಡೆ ಪಟ್ಟರೆ ಎನ್ನುತ್ತಾರೆ. ರಸ್ತೆಗೆ ಮನೆ, ಮನೆಯ ಹಿಂದೆ ಅಂಗಳ, ಅಂಗಳದಾಚೆ ತಗಡಿನ ಮಾಡಿನ ಪಟ್ಟರೆ. ಅಲ್ಲಿ ಆರು ಜನ ಕೆಲಸ ಮಾಡುತ್ತಾರೆ. ನಮ್ಮದು ಮನೆಯಲ್ಲಿ ಕನ್ನಡ ಆಡುವ ಕುಟುಂಬ, ಹಿರಿಯರು ಸೂಲೂರಿನ ಆಚೆ ಹೊಲ ಉತ್ತವರು. ಅಪ್ಪ ಊರವರ ಬಾವಿಯ ಪಂಪುಗಳನ್ನು ರಿಪೇರಿ ಮಾಡುತ್ತ ಮಾಡುತ್ತ ಪಂಪಿನ ಶಾಫ್ಟುಗಳನ್ನೇ ಮಾಡುವವರಾದರು. ಅವರು ತೀರಿಕೊಂಡ ಮೇಲೆ ಪಟ್ಟರೆ ಅಣ್ಣನ ಕೈಗೆ ಬಂತು. ಅವನು ಕಂಪ್ಯೂಟರ್ ನಡೆಸುವ ಎರಡು ಯಂತ್ರಗಳನ್ನು ತಂದ. ಹೊರಗಿನವರ ಕಣ್ಣಿಗೆ ಅದು ಈಗಲೂ ಶಾಫ್ಟಿನ ಪಟ್ಟರೆಯೇ.

ಕೆಲಸ ಕೊಟ್ಟದ್ದು ಸೂಲೂರು ರಸ್ತೆಯ ಒಂದು ದೊಡ್ಡ ಕಂಪನಿ. ಮಾಡಬೇಕಾದದ್ದು ಬೆರಳುದ್ದದ ಒಂದು ಟೈಟಾನಿಯಂ ನಳಿಕೆ. ಚಂದ್ರನ ಮಣ್ಣನ್ನು ತುಂಬಿಕೊಳ್ಳುವ ಭಾಗ ಹೇಗೆ ಕೆಲಸ ಮಾಡುತ್ತದೆ ಎಂದು ನೆಲದ ಮೇಲೆ ಪರೀಕ್ಷಿಸಲು ಬೇಕಾದ ನಮೂನೆ ಅದು. ಉಡಾವಣೆಗೆ ಹೋಗುವ ನಳಿಕೆಯಲ್ಲ. ಆದರೆ ಉಡಾವಣೆಗೆ ಹೋಗುವುದಕ್ಕೆ ಇರುವ ನಿಯಮಗಳೇ ಇದಕ್ಕೂ ಇದ್ದವು. ಅಳತೆಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ಒಳಗೆ ಎಣ್ಣೆ, ದೂಳು, ಬೆವರು, ನೂಲು, ಏನೂ ಇರಬಾರದು. ಚಂದ್ರನಿಂದ ಬಂದ ಮಣ್ಣಿನಲ್ಲಿ ಭೂಮಿಯದೇನಾದರೂ ಬೆರೆತರೆ ಯಾವುದು ಅಲ್ಲಿಯದು, ಯಾವುದು ಇಲ್ಲಿಯದು ಎಂದು ಹೇಳುವುದು ಕಷ್ಟ. ಅದಕ್ಕೆ ಈ ಬಿಗಿ.

ಕಂಪನಿ ಕೊಟ್ಟ ಲೋಹದ ಕಂಬಿ ಒಂದೇ. ಒಂದು ಕಂಬಿಗೆ ಒಂದು ನಳಿಕೆ. ಅದು ಪಾಸಾದರೆ ಅಣ್ಣನ ಪಟ್ಟರೆ ಕಂಪನಿಯ ಒಪ್ಪಿತ ಪಟ್ಟಿಗೆ ಸೇರುತ್ತದೆ, ಮುಂದಿನ ಕೆಲಸಗಳಿಗೆ ಕರೆ ಬರುತ್ತದೆ. ಆಗದಿದ್ದರೆ ಪೀಳಮೇಡಿನಲ್ಲಿ ಇನ್ನೊಂದು ಪಟ್ಟರೆ ಕಾದು ಕೂತಿತ್ತು. ಆ ಪಟ್ಟಿಗೆ ಸೇರಲು ಅಣ್ಣ ಮೂರು ವರ್ಷ ಓಡಾಡಿದ್ದ. ಅಂಗಳದ ಮೂಲೆಯಲ್ಲಿ ಅವ್ವ ಕಡಲೆಕಾಯಿ ಮೂಟೆ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಗಾಜು ಹಾಕಿಸಿ, ಎರಡು ಬಾಗಿಲು ಇಡಿಸಿ, ಶುಚಿ ಕೋಣೆ ಮಾಡಿದ್ದ. ಒಳಗೆ ಹೋಗುವವರು ತಲೆಗೆ ಟೋಪಿ, ಕೈಗೆ ಗ್ಲೌಸು ಹಾಕಬೇಕು.

"ನನ್ನ ಕಳ್ಳೆಕಾಯಿ ರೂಮಿಗ ನಾನೇ ಹೋಗಂಗಿಲ್ವಂತ," ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. "ಒಳಗಿರದು ಎರಡು ಮೇಜು, ಒಂದು ಬೇಸಿನ್. ಸಾಮಿ ಗುಡೀಲೂ ಇಷ್ಟು ಕಟ್ಟಳೆ ಇಲ್ಲ."

ಪಟ್ಟರೆಯಲ್ಲಿ ಅಪ್ಪನ ಕಾಲದಿಂದ ಒಂದು ರೂಢಿಯಿದೆ. ಹೊಸ ಕೆಲಸದ ಮೊದಲ ಪೀಸು ಗಿರಾಕಿಗೆ ಹೋಗುವ ಮುಂಚೆ ಮನೆಯೊಳಗೆ ಬರಬೇಕು. ಅವ್ವ ಅದನ್ನು ದೇವರ ಮುಂದಿಟ್ಟು ಗಂಧ ಕುಂಕುಮದ ಬೊಟ್ಟು ಇಡುತ್ತಾಳೆ. ಮನೆಮಾತಿನಲ್ಲಿ ನಾವು ತಮಿಳರ ಹಾಗೆ ಪೊಟ್ಟು ಎನ್ನುತ್ತೇವೆ. ಆಮೇಲೆ ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಡುತ್ತಾಳೆ, ಗಿರಾಕಿಗೆ ಕಲೆ ಕಾಣಬಾರದು ಎಂದು. ಬೊಟ್ಟು ಆಗದೆ ಮೇಸ್ತ್ರಿ ಎರಡನೇ ಪೀಸಿಗೆ ಕೈ ಹಾಕುವುದಿಲ್ಲ. ಮೇಸ್ತ್ರಿ ಅಪ್ಪನ ಕಾಲದವರು, ತಮಿಳರು. ಮೂವತ್ತು ವರ್ಷದಲ್ಲಿ ನಮ್ಮ ಮನೆಯ ಕನ್ನಡ ಕಲಿತಿದ್ದಾರೆ, ಅಣ್ಣನನ್ನು ಮಾತ್ರ ತಮಿಳಿನಲ್ಲೇ ಮುದಲಾಳಿ, ಅಂದರೆ ಯಜಮಾನ, ಎನ್ನುತ್ತಾರೆ.

ಈ ನಳಿಕೆಗೆ ಅದು ಬೇಡ ಎಂದು ಅಣ್ಣ ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಬುಧವಾರ ಸಂಜೆ ನಳಿಕೆಯನ್ನು ತೊಳೆದು, ಒಣಗಿಸಿ, ಶುಚಿ ಕೋಣೆಯಲ್ಲೇ ಒಂದರೊಳಗೊಂದು ಎರಡು ಪ್ಲಾಸ್ಟಿಕ್ ಕವರಿಗೆ ಹಾಕಿ, ಯಂತ್ರದಿಂದ ಬಾಯಿ ಮುಚ್ಚಿದ. ಸ್ಪಂಜಿನ ಪೆಟ್ಟಿಗೆಯಲ್ಲಿಟ್ಟು ಮನೆಯ ಬೀರುವಿನಲ್ಲಿ ಭದ್ರವಾಗಿ ಇಟ್ಟ. ಬೀರುವಿನ ಕೀಲಿ ಅವ್ವನ ಸೊಂಟದಲ್ಲಿರುತ್ತದೆ. ಮಗ ಪೀಸನ್ನು ತಂದು ತನ್ನ ಬೀರುವಿನಲ್ಲಿಟ್ಟಿದ್ದಕ್ಕೆ ಅವ್ವ ಒಂದೇ ಅರ್ಥ ಮಾಡಿಕೊಂಡಳು.

ಮರುದಿನ ಗುರುವಾರ, ನನಗೆ ವಾರದ ರಜೆ. ಊಟಕ್ಕೆಂದು ಅಲ್ಲಿಗೆ ಹೋದಾಗ ಹನ್ನೆರಡೂಕಾಲು. ಕಂಪನಿಯ ಕ್ವಾಲಿಟಿ ಇಂಜಿನಿಯರು ಮೂರು ಗಂಟೆಗೆ ಬಂದು ಪೀಸು ತೆಗೆದುಕೊಂಡು ಹೋಗುವವರಿದ್ದರು. ಅಣ್ಣ ಪಟ್ಟರೆಯಲ್ಲಿದ್ದ. ಕೈ ತೊಳೆಯಲು ಹಿತ್ತಲಿಗೆ ಹೋಗುವ ದಾರಿಯಲ್ಲಿ ದೇವರ ಗೂಡಿದೆ. ದೀಪದ ಪಕ್ಕದಲ್ಲಿ ಅರ್ಧ ಉರಿದ ಮೇಣದಬತ್ತಿ ಇತ್ತು. ಅದರ ಪಕ್ಕ ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡು, ಅದರ ಅಂಚಿಗೆ ಕರಗಿ ಅಂಟಿದ ಪ್ಲಾಸ್ಟಿಕ್. ಕೆಳಗೆ ಎರಡು ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗಳು ಬಿದ್ದಿದ್ದವು.

"ಅವ್ವ, ಏನಿದು?"

"ಏನು?"

"ಮೇಣದಬತ್ತಿ, ಬ್ಲೇಡು."

"ಅದಾ? ನಿಮ್ಮಣ್ಣನ ಪೀಸಿಗ ಪೊಟ್ಟು ಇಟ್ಟೆ ಕಣ. ಮೂರು ಗಂಟೆಗ ತಕ್ಕೊಂಡು ಹೋಯ್ತಾರಂತಲ್ಲ. ಅವನಿಗ ಗ್ಯಾಪಕನೇ ಇಲ್ಲ, ತಂದು ಬೀರುವಲ್ಲಿ ಇಟ್ಟುಬುಟ್ಟು ಓಡ್ದ."

"ಕವರು ಮುಚ್ಚಿತ್ತಲ್ಲ?"

"ಬಿಚ್ಚದೆ ಹೆಂಗ ಇಡದು? ಓರದಲ್ಲಿ ಕೊಯ್ದೆ. ಇಟ್ಟೆ, ಒರೆಸ್ದೆ, ತಿರುಗ ಅಂಟಿಸ್ಬುಟ್ಟೆ. ಹೋಗಿ ನೋಡು ಬೇಕಾದ್ರ. ಮಿಶಿನ್ ಅಂಟಿಸಿದ್ದು ಯಾವುದು, ನಾ ಅಂಟಿಸಿದ್ದು ಯಾವುದು, ಕಂಡುಹಿಡಿ."

ಅಪ್ಪ ಪಂಪಿನ ಕೆಲಸ ಹಿಡಿಯುವ ಮುಂಚೆ ಅವ್ವ ತಿರುಪ್ಪೂರಿನಲ್ಲಿ ಬನಿಯನ್ ಮಡಿಸಿ ಕವರಿಗೆ ಹಾಕುವ ಕೆಲಸ ಮಾಡಿದ್ದಳು. ಕವರಿನ ಬಾಯನ್ನು ಗರಗಸದ ಬ್ಲೇಡಿಗೆ ಮಡಚಿ ಹಿಡಿದು ಮೇಣದಬತ್ತಿಯ ಉರಿಗೆ ಒಂದೇ ಎಳೆತ ಎಳೆದರೆ ಅದು ಕೂಡಿಕೊಳ್ಳುತ್ತದೆ. ನಿಧಾನವಾದರೆ ಸುಡುತ್ತದೆ, ಬೇಗವಾದರೆ ಬಿಚ್ಚಿಕೊಳ್ಳುತ್ತದೆ. ನಾನು ಬೀರು ತೆರೆದು ಪೆಟ್ಟಿಗೆಯೊಳಗೆ ನೋಡಿದೆ. ಎರಡು ಕವರುಗಳ ಬಾಯಿಯೂ ನೇರವಾಗಿತ್ತು. ಒಂದು ಸುಕ್ಕು ಇರಲಿಲ್ಲ. ಹೊರಕವರಿನ ಮೇಲಿನ ಚೀಟಿಯಲ್ಲಿ, ಶುಚಿಗೊಳಿಸಲಾಗಿದೆ, ಪರೀಕ್ಷಾ ಕೋಣೆಯ ಹೊರಗೆ ತೆರೆಯಬಾರದು ಎಂದು ಇಂಗ್ಲಿಷಿನಲ್ಲಿ ಕೆಂಪು ಅಕ್ಷರದಲ್ಲಿತ್ತು. ಅವ್ವ ತಮಿಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಇಂಗ್ಲಿಷ್ ಬರುವುದಿಲ್ಲ.

ನಾನು ಪೆಟ್ಟಿಗೆ ಮುಚ್ಚಿದೆ. ಅವ್ವ ನನ್ನ ಮುಖ ನೋಡಿದಳು.

"ತಪ್ಪಾಗೋಯ್ತಾ?"

"ಗೊತ್ತಿಲ್ಲ ಅವ್ವ."

"ಅವನಿಗ ಹೇಳಬ್ಯಾಡ. ಕೂಗಾಡ್ತಾನ. ಒರೆಸಿವ್ನಿ, ಕಾಣದೇ ಇಲ್ಲ."

ಆಗ ಅಣ್ಣ ಕೈ ಒರೆಸಿಕೊಳ್ಳುತ್ತ ಊಟಕ್ಕೆ ಬಂದ. ಕೆಲವು ವಾರಗಳಿಂದ ಅವನು ಊಟದ ಹೊತ್ತಿನಲ್ಲಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಆವತ್ತು ಮಾತಾಡಿದ.

"ಏನ್ ಪೇಪರಮ್ಮ, ಏನ್ ಸುದ್ದಿ? ನಮ್ಮ ಪಟ್ಟರೆ ಚಂದ್ರಂಗ ಹೋಯ್ತದೆ ಅಂತ ಬರೆದುಗಿರೆದು ಬುಟ್ಟೀಯಾ. ಮದ್ಲು ಸೂಲೂರು ರೋಡು ದಾಟ್ಲಿ."

"ಬರಿಯಾಕಿಲ್ಲ."

"ಅಳತೆ ಐದು ಸಲ ನೋಡಿವ್ನಿ. ಐದು ಸಲಾನೂ ಒಂದೇ. ಮೇಸ್ತ್ರಿ ಕೈ ನಡುಗ್ತದೆ ಅಂತಿದ್ರಲ್ಲ ಎಲ್ರೂ, ಬಂದು ನೋಡ್ಲಿ. ಅವ್ವ, ಇನ್ನೊಂಚೂರು ರಸ ಹಾಕು."

ಅವ್ವ ರಸ ಹಾಕಿದಳು. ನಾನು ತಲೆಯೆತ್ತಲಿಲ್ಲ. ಹನ್ನೆರಡೂ ನಲವತ್ತಕ್ಕೆ ನನಗೆ ವಿಷಯ ಗೊತ್ತಾಗಿತ್ತು. ಅಣ್ಣನಿಗೆ ಹೇಳಿದಾಗ ಒಂದೂಕಾಲು. ನಡುವಿನ ಮೂವತ್ತೈದು ನಿಮಿಷ ನಾನು ಅನ್ನ ಕಲಸುತ್ತ ಕೂತಿದ್ದೆ. ಕಾರಣ ಕೇಳಿದರೆ ಎರಡು. ಅವ್ವ ಹೇಳಬೇಡ ಎಂದಿದ್ದಳು. ಅಣ್ಣ ನಗುತ್ತಿದ್ದ. ಎರಡೂ ಸಾಲುವ ಕಾರಣಗಳಲ್ಲ.

ಹಿತ್ತಲಿನ ನಲ್ಲಿಯಲ್ಲಿ ಅವನು ಕೈ ತೊಳೆಯುವಾಗ ಹೇಳಿದೆ. ಅವನು ಕೂಗಾಡಲಿಲ್ಲ. ನಲ್ಲಿ ನಿಲ್ಲಿಸಲು ಮರೆತು ನಿಂತ. ನೀರು ಅವನ ಕಾಲಿನ ಮೇಲೆ ಹರಿಯಿತು.

"ಯಾವ ಕವರು? ಹೊರಗಿನದ್ದಾ?"

"ಎರಡೂ."

"ಮುಟ್ಟಿದ್ದಾಳಾ?"

"ಮುಟ್ಟಿ, ಪೊಟ್ಟು ಇಟ್ಟು, ಸೆರಗಿನಲ್ಲಿ ಒರೆಸಿದ್ದಾಳೆ."

ಅವನು ನಲ್ಲಿ ನಿಲ್ಲಿಸಿ ಒಳಗೆ ಹೋದ. ಅವ್ವ ಅಡುಗೆಮನೆಯಲ್ಲಿದ್ದಳು, ಅತ್ತ ತಿರುಗಲಿಲ್ಲ. ಅಣ್ಣ ಪೆಟ್ಟಿಗೆಯನ್ನು ಎತ್ತಿಕೊಂಡು ಅಂಗಳ ದಾಟಿ ಶುಚಿ ಕೋಣೆಯ ಮೊದಲ ಬಾಗಿಲ ಹತ್ತಿರ ನಿಂತ. ಒಳಗೆ ಹೋಗಲಿಲ್ಲ. ಈಗ ಆ ಪೆಟ್ಟಿಗೆಯನ್ನು ಒಳಗೆ ಒಯ್ಯಬಹುದೋ ಇಲ್ಲವೋ ಎನ್ನುವುದೇ ಅವನಿಗೆ ತಿಳಿಯದಂತಿತ್ತು. ಮೇಸ್ತ್ರಿಯನ್ನು ಕರೆದ. ಅವರು ಬೀಡಿ ಆರಿಸಿ ಬಂದರು. ವಿಷಯ ಕೇಳಿ ಮೊದಲು ನಕ್ಕರು.

"ಅಷ್ಟೇಯಾ ಮುದಲಾಳಿ? ನಾನು ಪೀಸು ಒಡೆದೋಯ್ತು ಅಂದ್ಕೊಂಡೆ. ಸ್ಪಿರಿಟ್ಟಲ್ಲಿ ಎರಡು ಸಲ ತೊಳೆದು ಹೊಸ ಕವರಿಗೆ ಹಾಕಿ. ಇನ್ನೂ ಒಂದೂವರೆ ಗಂಟೆ ಟೈಮ್ ಇದೆ. ಅಳತೆ ಗೇಜಿಗೆ ಕುಂಕುಮ ಕಾಣಿಸ್ತದಾ?"

"ಗೇಜಿಗೆ ಕಾಣ್ಸಲ್ಲ."

"ಮತ್ತೆ? ಮೂವತ್ತು ವರ್ಷದಿಂದ ಪೊಟ್ಟು ಇಟ್ಟ ಪೀಸೇ ಕಳಿಸಿರೋದು. ಅದಕ್ಕಂತ ಒಂದಾದ್ರೂ ತಿರುಗಿ ಬಂತಾ?"

"ಪಂಪು ಬೇರೆ ಮೇಸ್ತ್ರಿ."

"ಏನು ಬೇರೆ? ಪಂಪಲ್ಲೂ ಮಣ್ಣೇ ಬರ್ತದೆ."

"ಆ ಮಣ್ಣನ್ನ ಯಾರೂ ಭೂತಗನ್ನಡಿ ಹಿಡ್ಕೊಂಡು ನೋಡಾಕಿಲ್ಲ."

ಮೇಸ್ತ್ರಿ ನಗು ನಿಲ್ಲಿಸಿದರು. ಪೀಸಿನ ಜೊತೆ ಕಂಪನಿ ಕೊಟ್ಟ ಒಂದು ಕಾಗದವಿತ್ತು. ಕಂಬಿ ಬಂದ ದಿನದಿಂದ ಯಾರು ಮುಟ್ಟಿದರು, ಯಾವ ಯಂತ್ರ, ಯಾವ ಎಣ್ಣೆ, ಯಾವುದರಲ್ಲಿ ತೊಳೆದದ್ದು, ಎಲ್ಲವೂ ಅದರಲ್ಲಿ ಸಾಲುಸಾಲಾಗಿ ಬರೆದಿತ್ತು. ಕೊನೆಯ ಸಾಲು ಮಾತ್ರ ಖಾಲಿ. ತೊಳೆದ ಮೇಲೆ ಇಲ್ಲಿಯವರೆಗೆ ಕವರು ತೆರೆದಿಲ್ಲ ಎಂದು ಇಂಜಿನಿಯರ ಎದುರಿಗೆ ಅಣ್ಣ ಸಹಿ ಹಾಕಬೇಕಾಗಿದ್ದ ಸಾಲು ಅದು. ಅಣ್ಣ ಆ ಕಾಗದ ಬಿಚ್ಚಿ ನೋಡಿದ, ಮಡಚಿದ, ಮತ್ತೆ ಬಿಚ್ಚಿದ.

"ಮುದಲಾಳಿ, ಇದು ನೆಲದ ಮೇಲೆ ಟೆಸ್ಟ್ ಮಾಡೋದಕ್ಕೆ ತಾನೇ? ಮೇಲೆ ಹೋಗಲ್ಲ ಅಂದ್ರಿ," ಎಂದರು ಮೇಸ್ತ್ರಿ, ಈ ಸಲ ಮೆಲ್ಲಗೆ. "ನೀವು ಸುಳ್ಳು ಹೇಳಿ ಅಂತಿಲ್ಲ. ತೊಳೆದ ಮೇಲೆ ಅದು ಶುದ್ಧ ತಾನೇ. ಪೀಳಮೇಡಿನವನು ಇದಕ್ಕೇ ಕಾದವ್ನೆ. ನಾನು ಇನ್ನೆಷ್ಟು ವರ್ಷ ನಿಂತು ಕೆಲಸ ಮಾಡ್ತೀನಿ? ಈ ಆರು ಜನಕ್ಕೆ ಮುಂದೆ ಶಾಫ್ಟು ಬರ್ತದಾ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಶಾಫ್ಟಿನ ಕೆಲಸ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದದ್ದು ನಿಜ. ಸ್ಪಿರಿಟ್ಟಿನಲ್ಲಿ ತೊಳೆದರೆ ಕುಂಕುಮ ಹೋಗಬಹುದು ಎನ್ನುವುದೂ ನಿಜ. ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂದು ಅಲ್ಲಿ ನಿಂತ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಣ್ಣ ನನ್ನ ಕಡೆ ತಿರುಗಿದ. "ನೀ ಏನಂತೀಯಾ?"

"ಕಂಡದ್ದು ಹೇಳಿದೆ."

"ನಾ ಕೇಳಿದ್ದು ಅದಲ್ಲ."

ನಾನು ಉತ್ತರ ಕೊಡಲಿಲ್ಲ. ಇವತ್ತು ಅದಕ್ಕೆ ಒಳ್ಳೆಯ ಕಾರಣ ಹುಡುಕಿ ಬರೆಯಬಹುದು. ಆವತ್ತು ಕಾರಣ ಇರಲಿಲ್ಲ. ಹೆದರಿಕೆ ಇತ್ತು.

ಒಂದೂ ಐವತ್ತಕ್ಕೆ ಅಣ್ಣ ಇಂಜಿನಿಯರಿಗೆ ಫೋನ್ ಮಾಡಿದ. ಎತ್ತಲಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಮಾಡಿದ. ಎತ್ತಲಿಲ್ಲ. ಮೆಸೇಜು ಬರೆಯತೊಡಗಿದ, ಅಳಿಸಿದ, ಬರೆದ, ಅಳಿಸಿದ. ಫೋನು ಜೇಬಿಗೆ ಹಾಕಿ ಪಟ್ಟರೆಯೊಳಗೆ ಹೋಗಿ ಸ್ಪಿರಿಟ್ಟಿನ ಕ್ಯಾನು ತಂದು ಶುಚಿ ಕೋಣೆಯ ಹೊರಗಿಟ್ಟ. ಗ್ಲೌಸಿನ ಡಬ್ಬಿ ತಂದು ಅದರ ಪಕ್ಕ ಇಟ್ಟ. ಮೇಸ್ತ್ರಿ ಅದನ್ನು ನೋಡಿ ಹಗುರಾದರು, ಯಂತ್ರದ ಕಡೆ ಹೋದರು. ನಾನು ಅಂಗಳದ ಕಲ್ಲಿನ ಮೇಲೆ ಕೂತೆ. ಅಡುಗೆಮನೆಯ ಕಿಟಕಿಯಲ್ಲಿ ಅವ್ವ ನಿಂತಿದ್ದಳು. ಹತ್ತು ನಿಮಿಷ ಅಣ್ಣ ಆ ಕ್ಯಾನಿನ ಪಕ್ಕದಲ್ಲಿ ನಿಂತೇ ಇದ್ದ. ಮುಚ್ಚಳ ತೆಗೆಯಲಿಲ್ಲ. ಆಮೇಲೆ ಗ್ಲೌಸಿನ ಡಬ್ಬಿಯನ್ನು ಎತ್ತಿ ಮೊದಲಿದ್ದ ಜಾಗಕ್ಕೆ ಇಟ್ಟು ಬಂದ. ಕ್ಯಾನು ಅಲ್ಲೇ ಇತ್ತು.

ಎರಡೂ ಮೂವತ್ತೈದಕ್ಕೆ ಗೇಟಿನ ಮುಂದೆ ಕಾರು ನಿಂತಿತು. ಅರ್ಧ ಗಂಟೆ ಮೊದಲೇ ಬಂದಿದ್ದರು.

ಇಂಜಿನಿಯರು ದಾವಣಗೆರೆಯ ಹುಡುಗಿ, ಮೂವತ್ತರೊಳಗಿನ ವಯಸ್ಸು. ಕೊಯಮತ್ತೂರಿಗೆ ಬಂದು ಎರಡು ವರ್ಷವಾಗಿತ್ತು. ನಮ್ಮ ಮನೆಗೆ ಬಂದರೆ ಕನ್ನಡ ಮಾತಾಡಬಹುದೆಂದು ಅವರಿಗೆ ಖುಷಿ, ಅವರ ಕನ್ನಡ ರೇಡಿಯೊದ ಹಾಗಿದೆ ಎಂದು ಅವ್ವನಿಗೆ ಖುಷಿ.

"ಏನ್ ಸರ್, ಎರಡು ಸಲ ಫೋನ್ ಮಾಡಿದ್ರಿ? ಗಾಡಿ ಓಡಿಸ್ತಿದ್ದೆ."

ಅಣ್ಣ ಗೇಟು ಹಿಡಿದುಕೊಂಡಿದ್ದ. ಅವರನ್ನು ಒಳಗೆ ಕರೆಯಲಿಲ್ಲ. ಬಿಸಿಲಿನಲ್ಲೇ ನಿಂತು ಹೇಳಿದ.

"ಮೇಡಂ, ಕವರು ಬಿಚ್ಚಿದೆ."

"ಯಾರು ಬಿಚ್ಚಿದ್ದು? ಯಾವಾಗ?"

"ನಮ್ಮನೇಲಿ. ಬೆಳಿಗ್ಗೆ."

"ಸರ್, ನಮ್ಮನೇಲಿ ಅಂದ್ರೆ ಯಾರು?"

ಜಗಲಿಯಿಂದ ಅವ್ವನ ದನಿ ಕೇಳಿತು. "ನಾನೇ ಕಣಮ್ಮ ಬಿಚ್ಚಿದ್ದು. ಅವನ್ಯಾಕ ಹಂಗ ಮುನುಗ್ತಾವ್ನೆ? ಒಳಗ ಬಾ, ಬಿಸಿಲು."

ಇಂಜಿನಿಯರು ಒಳಗೆ ಬಂದರು. ಚಪ್ಪಲಿ ಬಿಟ್ಟು, ಚೀಲದಿಂದ ಒಂದು ಫಾರಂ ತೆಗೆದು, ಊಟದ ಮೇಜಿನ ಮೇಲೆ ಹರಡಿ ಪೆನ್ನು ಹಿಡಿದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

"ಅಮ್ಮ, ಏನೇನು ಮಾಡಿದ್ರಿ, ಒಂದೊಂದಾಗಿ ಹೇಳ್ತೀರಾ? ಏನನ್ನೂ ಬಿಡಬೇಡಿ."

"ಪೊಟ್ಟು ಇಟ್ಟೆ, ಅಷ್ಟೇಯಾ."

"ಯಾವುದರಿಂದ?"

"ಕುಂಕುಮ."

"ಕುಂಕುಮ ಮಾತ್ರನಾ?"

"ಗಂಧ ಇಲ್ದೆ ಕುಂಕುಮ ಯಾರಮ್ಮ ಇಟ್ಟಾರು? ಗಂಧ, ಅದ್ರ ಮ್ಯಾಲ ಕುಂಕುಮ."

"ಎಲ್ಲಿ ಇಟ್ರಿ? ಹೊರಗಾ, ಒಳಗಾ?"

"ಬಾಯಿಗ. ಬಾಯಿ ಸುತ್ತಲೂ ಮೂರು."

ಅವರು ಬರೆದುಕೊಂಡರು. "ಗಂಧ ಯಾವ ನೀರಲ್ಲಿ ಕಲಸಿದ್ರಿ?"

"ಕುಡಿಯ ನೀರು. ಸಿರುವಾಣಿ ನೀರು," ಎಂದಳು ಅವ್ವ. ಊರಿಗೆ ಬೆಟ್ಟದಿಂದ ಬರುವ ಒಳ್ಳೆಯ ನೀರೇ ಬಳಸಿದ್ದೇನೆ ಎಂಬ ಧಾಟಿಯಿತ್ತು.

"ಹೂವು ಇಟ್ರಾ?"

"ಇಲ್ಲ." ಅವರ ಪೆನ್ನಿನ ಕಡೆ ನೋಡಿ, "ಒಂದೇ ಒಂದು ಮಲ್ಲಿಗ. ಒಳಗ ಬಿತ್ತು. ತಲೆಕೆಳಗ ಮಾಡಿ ತೆಗದೆ."

ಅಣ್ಣ ಗೋಡೆಗೆ ಒರಗಿದ.

"ಕರ್ಪೂರ?"

"ಹಚ್ಚದೆ ಇರಕಾಯ್ತದಾ? ಹಚ್ಚಿ, ಹೊಗೆ ತೋರಿಸಿ..."

"ಅವ್ವಾ!"

"ಯಾಕ್ಲಾ ಕೂಗ್ತೀಯ? ಅವಳು ಏನನ್ನೂ ಬಿಡಬ್ಯಾಡ ಅಂದವಳೆ, ನಾ ಹೇಳ್ತಾವ್ನಿ. ನಿಂಗೂ ಹೇಳ್ತಿದ್ದೆ, ಕೇಳಿದ್ರ. ಮೂರು ತಿಂಗಳಿಂದ ಆ ಗಾಜಿನ ರೂಮಲ್ಲಿ ಏನ್ ಮಾಡ್ತೀಯ ಅಂತ ಒಂದಿನ ನಂಗ ಹೇಳಿದ್ದೀಯಾ?"

ಇಂಜಿನಿಯರು ಪೆನ್ನು ಎತ್ತಿ ಹಿಡಿದು ಇಬ್ಬರೂ ಮುಗಿಸುವವರೆಗೆ ಕಾದರು. ಆಮೇಲೆ ಕೇಳಿದರು, "ಒರೆಸಿದ್ದು ಯಾವ ಬಟ್ಟೆಯಿಂದ ಅಮ್ಮ?"

ಅವ್ವ ಉಟ್ಟಿದ್ದ ಸೀರೆಯ ಸೆರಗು ಎತ್ತಿ ತೋರಿಸಿದಳು.

ಫಾರಮ್ಮಿನ ಒಂದು ಪುಟ ತುಂಬಿತು. ಅವರು ಚೀಲದಿಂದ ಸಣ್ಣ ಕವರುಗಳನ್ನು ತೆಗೆದರು. ಕುಂಕುಮದ ಭರಣಿಯಿಂದ ಒಂದು ಚಿಟಿಕೆ, ಗಂಧದ ಬಿಲ್ಲೆಯ ಒಂದು ತುಂಡು, ಒಂದು ಕರ್ಪೂರ, ಒಂದು ಮಲ್ಲಿಗೆ, ಮೇಣದಬತ್ತಿಯ ತುದಿ, ಬ್ಲೇಡಿಗೆ ಅಂಟಿದ್ದ ಪ್ಲಾಸ್ಟಿಕ್. ಪ್ರತಿಯೊಂದಕ್ಕೂ ಸಂಖ್ಯೆ ಬರೆದರು. ಪೀಸಿಗೆ ಏನು ತಗುಲಿತೋ ಅದರ ಮಾದರಿ ಇರಬೇಕು, ಮುಂದೆ ಎಲ್ಲಾದರೂ ಅಂಥದ್ದೇ ಏನಾದರೂ ಕಂಡರೆ ಹೋಲಿಸಿ ನೋಡಲು, ಎಂದು ಅಣ್ಣನಿಗೆ ಹೇಳಿದರು. ಚಂದ್ರನ ಮಣ್ಣಿನ ಕೆಲಸದಲ್ಲಿ ಏನು ತಗುಲಿದೆ ಎಂದು ಗೊತ್ತಿದ್ದರೆ ಅದಕ್ಕೊಂದು ದಾರಿಯಿದೆ, ಗೊತ್ತಿಲ್ಲದಿದ್ದರೆ ಇಲ್ಲ, ಎಂದರು.

"ಅಮ್ಮ, ಇನ್ನೊಂದು ಬೇಕು. ಸೆರಗಿನ ಒಂದು ಮೂಲೆ."

"ಸೀರೆ ಕೊಯ್ತೀಯಾ?"

"ಇಷ್ಟೇ ಇಷ್ಟು."

"ಉಟ್ಟ ಸೀರೆ ಕೊಯ್ಯದು ಎಲ್ಲಾರ ಉಂಟಾ? ಮಗಳು ದೀಪಾವಳಿಗ ತಂದದ್ದು." ಅವ್ವ ನನ್ನನ್ನು ನೋಡಿದಳು. ಆಮೇಲೆ ಅಣ್ಣನನ್ನು ನೋಡಿದಳು. ಅವನು ಗೋಡೆಯ ಹತ್ತಿರದಿಂದ ಕದಲಿರಲಿಲ್ಲ. "ಕೊಯ್ದ್ರ ಅವನ ಪೀಸು ಪಾಸಾಯ್ತದಾ?"

"ಆಗಲ್ಲ ಅಮ್ಮ. ಈ ಪೀಸು ಆಗಲ್ಲ."

ಆ ಮಾತನ್ನು ಅವರು ಮೊದಲ ಸಲ ಹೇಳಿದ್ದು ಆಗ. ಹೇಳಿದ್ದು ಅವ್ವನಿಗೆ, ಕೇಳಿಸಿಕೊಂಡದ್ದು ಎಲ್ಲರೂ. ಅಂಗಳದ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಪಟ್ಟರೆಯ ಕಡೆ ನಡೆದುಬಿಟ್ಟರು. ಅವ್ವ ಒಳಗೆ ಹೋದಳು. ಕತ್ತರಿ ತಂದು, ಇಂಜಿನಿಯರ ಕೈಗೆ ಕೊಡದೆ, ತಾನೇ ಸೆರಗಿನ ಮೂಲೆಯನ್ನು ಅಂಚಿನ ಸಮೇತ ಕತ್ತರಿಸಿ ಮೇಜಿನ ಮೇಲಿಟ್ಟಳು. ಕೇಳಿದ್ದಕ್ಕಿಂತ ದೊಡ್ಡ ತುಂಡು.

ಸಹಿಯ ಸಾಲಿನಲ್ಲಿ ಅಣ್ಣ, ಕವರು ತೆರೆಯಲಾಗಿದೆ, ವಿವರ ಜೊತೆಗಿದೆ ಎಂದು ಬರೆದು ಸಹಿ ಹಾಕಿದ. ಇಂಜಿನಿಯರು ಪೆಟ್ಟಿಗೆಗೆ ಕೆಂಪು ಚೀಟಿ ಕಟ್ಟಿದರು. ಹೊರಡುವಾಗ ಅವನು ಕೇಳಿದ.

"ಪಟ್ಟಿ?"

"ಅದು ನನ್ನ ಕೈಲಿಲ್ಲ ಸರ್. ಮೇಲಿನವರು ಹೇಳ್ತಾರೆ." ಗೇಟಿನ ಹತ್ತಿರ ನಿಂತು ಮತ್ತೆ ಹೇಳಿದರು, "ಆ ಸೀಲನ್ನ ಈಗ ಚೀಟಿ ಕಟ್ಟುವಾಗ ನೋಡಿದೆ. ನಿಜ ಹೇಳ್ತೀನಿ ಸರ್, ನೀವು ಹೇಳದೆ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ."

ಅದನ್ನು ಅಣ್ಣ ಸಮಾಧಾನವೆಂದು ತೆಗೆದುಕೊಂಡನೋ, ಚುಚ್ಚುಮಾತೆಂದು ತೆಗೆದುಕೊಂಡನೋ ನನಗೆ ತಿಳಿಯದು. ನಾನು ಕೇಳಲಿಲ್ಲ.

ಮುಂದಿನ ನಾಲ್ಕು ವಾರ ಕಂಪನಿಯಿಂದ ಏನೂ ಬರಲಿಲ್ಲ. ಶುಚಿ ಕೋಣೆಗೆ ಬೀಗ ಹಾಕಿತ್ತು. ಯಂತ್ರಗಳ ಮೇಲೆ ಶಾಫ್ಟುಗಳು ತಿರುಗುತ್ತಿದ್ದವು, ಮೂರು ದಿನದ ಕೆಲಸವನ್ನು ಐದು ದಿನ ಮಾಡಿದ ಹಾಗೆ. ಪೀಳಮೇಡಿನ ಪಟ್ಟರೆಗೆ ಕಂಪನಿಯ ಗಾಡಿ ಹೋದದ್ದನ್ನು ನೋಡಿದೆ ಎಂದು ಕೆಲಸಗಾರನೊಬ್ಬ ಹೇಳಿದ. ಅದು ಯಾವ ಕೆಲಸಕ್ಕೆ ಹೋಗಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಗುರುವಾರಗಳಂದು ಹೋದಾಗ ಅಣ್ಣ ಊಟ ಮಾಡಿ ಎದ್ದುಹೋಗುತ್ತಿದ್ದ. ಅವ್ವನ ಮೇಲೆ ಸಿಟ್ಟು ತೋರಿಸಲಿಲ್ಲ. ಮಾತೂ ಆಡಲಿಲ್ಲ. ರಸ ಬೇಕಾದರೆ ತಾನೇ ಎದ್ದು ಹಾಕಿಕೊಳ್ಳುತ್ತಿದ್ದ. ಅದು ಅವ್ವನಿಗೆ ಕೂಗಾಟಕ್ಕಿಂತ ಕಷ್ಟವಾಗಿತ್ತು.

"ಬೈದಾದ್ರೂ ಬುಡಬಾರ್ದಾ?" ಎಂದಳು ಒಂದು ದಿನ ನನ್ನ ಹತ್ತಿರ. "ಅವರಪ್ಪ ಆಗಿದ್ರ ತಟ್ಟೆ ಎಸೆದು, ಸಾಯಂಕಾಲಕ್ಕ ಸರಿಹೋಯ್ತಿದ್ರು."

ಐದನೇ ವಾರ ಪತ್ರ ಬಂತು. ಅಣ್ಣ ಅದನ್ನು ಊಟದ ಮೇಜಿನ ಮೇಲೆ ಬಿಚ್ಚಿ, ಅವ್ವ ಪಾತ್ರೆ ಇಟ್ಟು ಬರುವವರೆಗೆ ಕಾದು, ಮನೆಮಾತಿನಲ್ಲಿ ಒಂದೊಂದು ಸಾಲಾಗಿ ಹೇಳಿದ. ಮೊದಲ ಸಾಲು, ಪೀಸು ತಿರಸ್ಕೃತ. ಎರಡನೇ ಸಾಲು, ತಗುಲಿದ ವಸ್ತುಗಳ ಮಾದರಿಗಳು ದಾಖಲೆಗೆ ಸೇರಿವೆ. ಮೂರನೇ ಸಾಲು, ಇನ್ನೊಂದು ಕಂಬಿ ಕಳಿಸಲಾಗುವುದು, ಅದರ ಕೆಲಸ ಪೂರ್ತಿ ಕಂಪನಿಯವರ ಎದುರಿಗೆ ಆಗಬೇಕು. ಪಟ್ಟಿಯ ತೀರ್ಮಾನ ಅದಾದ ಮೇಲೆ.

"ಇನ್ನೊಂದು ಕೊಡ್ತಾರಾ?" ಎಂದಳು ಅವ್ವ.

"ಒಂದೇ ಒಂದು."

"ನಾ ಅದನ್ನ ಕಣ್ಣಲ್ಲೂ ನೋಡಾಕಿಲ್ಲ ಕಣಪ್ಪ. ಚಂದ್ರಂಗ ಹೋಗದಕ್ಕ ನನ್ನ ಪೊಟ್ಟು ಬ್ಯಾಡ. ಪಂಪಿಗ ಇಡ್ತೀನಿ."

"ನೋಡು, ಬ್ಯಾಡ ಅಂದೋರ್ಯಾರು," ಎಂದ ಅಣ್ಣ. "ಗಾಜಿನಾಚೆಯಿಂದ ನೋಡು."

ಕಂಬಿ ಬಂದ ದಿನ ಮೇಸ್ತ್ರಿ ಯಂತ್ರದ ಮುಂದೆ ಕೈ ಕಟ್ಟಿ ನಿಂತರು. ತಿರಸ್ಕೃತವಾದ ಪೀಸಿನ ಬೊಟ್ಟು ಲೆಕ್ಕಕ್ಕಿಲ್ಲ, ಬೊಟ್ಟು ಆಗದೆ ಎರಡನೆಯದಕ್ಕೆ ಹೇಗೆ ಕೈ ಹಾಕುವುದು, ಎಂದರು. ಲೆಕ್ಕಕ್ಕಿದೆ ಮೇಸ್ತ್ರಿ, ಆ ಬೊಟ್ಟಿನ ವಿಷಯ ಮುಚ್ಚಿಡದೆ ಹೇಳಿದ್ದಕ್ಕೇ ಇದು ಬಂದದ್ದು, ಎಂದ ಅಣ್ಣ. ಮೇಸ್ತ್ರಿ ಕಟ್ಟಿದ ಕೈ ಬಿಚ್ಚಿ ಸ್ವಿಚ್ಚು ಒತ್ತಿದರು. ದಾವಣಗೆರೆಯ ಹುಡುಗಿ ಮತ್ತು ಕಂಪನಿಯ ಇನ್ನೊಬ್ಬರು ಎರಡು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಪಟ್ಟರೆಯಲ್ಲಿದ್ದರು. ಊಟ ಅವ್ವನದು. ಶುಚಿ ಕೋಣೆಯಲ್ಲಿ ತೊಳೆಯುವಾಗ ಅವ್ವ ಅಂಗಳದಲ್ಲಿ ಗಾಜಿನ ಹೊರಗೆ, ಎರಡು ಮಾರು ದೂರದಲ್ಲಿ, ಕೈ ಹಿಂದೆ ಕಟ್ಟಿ ನಿಂತಿದ್ದಳು. ಸೀಲು ಮಾಡಿದ ಪೆಟ್ಟಿಗೆ ಬೀರುವಿಗೆ ಹೋಗಲಿಲ್ಲ. ಕೋಣೆಯಿಂದ ನೇರ ಕಾರಿಗೆ ಹೋಯಿತು.

ಅಳತೆಯ ವರದಿ ಬಂದಿದೆ, ಸರಿಯಿದೆ. ಶುಚಿತ್ವದ ವರದಿ ಬಂದಿಲ್ಲ. ಕಂಪನಿಯ ಪಟ್ಟಿಯಲ್ಲಿ ಅಣ್ಣನ ಪಟ್ಟರೆಯ ಹೆಸರಿನ ಮುಂದಿನ ಒಪ್ಪಿಗೆಯ ಕಾಲಂ ಇವತ್ತಿನವರೆಗೆ ಖಾಲಿಯಿದೆ.